ಒಂದನೇ ತಂತಿ

ಪಳಪಳ ಎಂಬ ಹೆಸರು ಅವನಿಗೆ ಪುಕ್ಕಟೆ ಬಂದದ್ದಲ್ಲ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರನಾಗಿ ಉಜ್ಜಿ, ಒರೆಸಿ, ತಿಕ್ಕಿ ಸಂಪಾದಿಸಿದ್ದು. ಹಿತ್ತಾಳೆಯ ತಿರುಪು, ತಾಮ್ರದ ಪಟ್ಟಿ, ಗಾಜಿನ ಮುಚ್ಚಳ, ಬಾಗಿಲ ಚಿಲಕ, ಅವನ ಕೈಗೆ ಸಿಕ್ಕ ಯಾವುದೂ ಮಂಕಾಗಿ ಉಳಿಯುವಂತಿರಲಿಲ್ಲ. ಬೇರೆ ಲ್ಯಾಬುಗಳ ಅಟೆಂಡರುಗಳು ಹನ್ನೊಂದು ಗಂಟೆಗೆ ಕ್ಯಾಂಟೀನಿನಲ್ಲಿ ಕೂತು ಊರ ಉಸಾಬರಿ ಮಾತಾಡುತ್ತಿದ್ದರೆ ಇವನು ಮೇಜಿನ ಮೇಲೆ ಬಗ್ಗಿ, ನಾಲಿಗೆಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ಯಾವುದೋ ತಿರುಪನ್ನು ತಿಕ್ಕುತ್ತಿದ್ದ. “ಮಹಾರಾಯ ಕಾಲೇಜಲ್ಲಿ ಉಜ್ಜಿದ್ದೇ ಉಜ್ಜಿದ್ದು. ಮನೇಲಿ ಒಂದು ಲೋಟ ತೊಳೆದಿದ್ದು ನಾನಂತೂ ಕಂಡಿಲ್ಲ” ಎಂದು ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಆಡಿಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ. ಆಗೆಲ್ಲ ಆ ಮನೆಯಲ್ಲಿ ನಗು ಇತ್ತು.

ಅವನಿಗೆ ಎಲ್ಲಕ್ಕಿಂತ ಮುದ್ದಾಗಿದ್ದವು ಆರು ಪೊಟೆನ್ಶಿಯೋಮೀಟರ್ ಹಲಗೆಗಳು. ಕಾಣದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೀಟರಿಗಿಂತ ಒಂದು ಗೇಣು ಹೆಚ್ಚು ಉದ್ದದ ಮರದ ಹಲಗೆ. ಅದರ ಮೇಲೆ ಈ ತುದಿಯಿಂದ ಆ ತುದಿಗೆ ಸಾಲಾಗಿ ಬಿಗಿದ ಹತ್ತು ತಂತಿ, ಒಂದೊಂದೂ ಒಂದು ಮೀಟರ್. ತುದಿಗಳನ್ನು ತಾಮ್ರದ ಪಟ್ಟಿಗಳು ಒಂದಕ್ಕೊಂದು ಸೇರಿಸಿರುವುದರಿಂದ ಹತ್ತೂ ಕೂಡಿ ಹತ್ತು ಮೀಟರಿನ ಒಂದೇ ತಂತಿ ಇದ್ದ ಹಾಗೆ. ಬ್ಯಾಟರಿಯ ಕರೆಂಟು ಅದರಲ್ಲಿ ಹರಿದಾಗ ತಂತಿ ಒಡ್ಡುವ ತಡೆ, ಅಂದರೆ ರೋಧದಿಂದಾಗಿ ವಿಭವ, ಅಂದರೆ ವೋಲ್ಟೇಜು, ತಲೆಯಿಂದ ಬುಡದವರೆಗೆ ಇಳಿಯುತ್ತಾ ಹೋಗುತ್ತದೆ. ತಂತಿ ಉದ್ದಕ್ಕೂ ಒಂದೇ ದಪ್ಪವಿದ್ದರೆ ಪ್ರತಿ ಸೆಂಟಿಮೀಟರಿಗೂ ಅಷ್ಟಷ್ಟೇ ಇಳಿತ, ಒಳ್ಳೆಯ ಗಾರೆಯವನು ಹಾಕಿದ ಇಳಿಜಾರಿನ ಹಾಗೆ. ಅಳೆಯಬೇಕಾದ ಸೆಲ್ಲನ್ನು ಜೋಡಿಸಿ, ಜಾಕಿ ಎಂಬ ಚೂಪು ಮೂತಿಯ ಹಿಡಿಯನ್ನು ತಂತಿಗೆ ಅಲ್ಲಲ್ಲಿ ಮುಟ್ಟಿಸುತ್ತಾ ಹೋದರೆ ಗ್ಯಾಲ್ವನೋಮೀಟರಿನ ಮುಳ್ಳು ಅತ್ತ ಇತ್ತ ಆಡಿ ಒಂದು ಜಾಗದಲ್ಲಿ ಸೊನ್ನೆಯ ಮೇಲೆ ನಿಂತುಬಿಡುತ್ತದೆ. ಅಲ್ಲಿಯವರೆಗಿನ ಉದ್ದವೇ ಆ ಸೆಲ್ಲಿನ ಅಳತೆ. ಎರಡು ಸೆಲ್ಲುಗಳ ಉದ್ದ ಸಿಕ್ಕರೆ ಯಾವುದು ಯಾವುದರ ಎಷ್ಟು ಪಾಲು ಎಂದು ಹೇಳಬಹುದು. ತಂತಿ ಒಂದೇ ಸಮ ಇರಬೇಕು, ಅಷ್ಟೇ.

ಪಳಪಳನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವನ ಓದು ಒಂಬತ್ತನೇ ತರಗತಿಯ ಅರ್ಧದಲ್ಲೇ ಕೈಕೊಟ್ಟಿತ್ತು. ಆದರೆ ಜೋಡಿಸುವುದನ್ನು ಕೇಳಿ! ಕಣ್ಣು ಮುಚ್ಚಿ ಜೋಡಿಸುತ್ತಿದ್ದ. ಯಾರದಾದರೂ ಮುಳ್ಳು ಒಂದೇ ಕಡೆಗೆ ಓಡುತ್ತಿದ್ದರೆ ಮೂರು ಮೇಜಿನಾಚೆಯಿಂದಲೇ “ಸೆಲ್ಲು ಉಲ್ಟಾ ಕೊಟ್ಟಿದ್ದೀಯಮ್ಮ, ತಿರುಗಿಸು” ಎನ್ನುತ್ತಿದ್ದ. ಅಷ್ಟು ಮಾಡಿಯೂ ಉತ್ತರ ಸರಿ ಬರಲಿಲ್ಲ ಎಂದು ವಿದ್ಯಾರ್ಥಿ ಗೊಣಗಿದರೆ ಅವನ ಬಳಿ ಒಂದೇ ಮಾತು: “ಹಲಗೆ ಸರಿ ಇದೆ, ಕೈ ಸರಿ ಇಲ್ಲ.” ಮೇಷ್ಟ್ರುಗಳೂ ಅವನಿಂದಲೇ ಆ ಮಾತನ್ನು ಕಲಿತರು.

ಪ್ರಯೋಗ ಪರೀಕ್ಷೆಯ ಹಿಂದಿನ ದಿನ ಅವನ ದೊಡ್ಡ ಕೆಲಸ. ಬಡಗಿಗಳು ಬಳಸುವ ಉಪ್ಪುಕಾಗದದಲ್ಲಿ ಎಲ್ಲಕ್ಕಿಂತ ನಯವಾದ್ದನ್ನು ತಂದು, ಎರಡಾಗಿ ಮಡಿಸಿ, ತಂತಿಯನ್ನು ಅದರ ನಡುವೆ ಬೆರಳಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯುತ್ತಿದ್ದ. ಹೀಗೆ ಮೂವತ್ತು ಸಲ, ನಲವತ್ತು ಸಲ. ಮಂಕು ತಂತಿ ಬೆಳ್ಳಿಯ ಎಳೆಯಂತೆ ಹೊಳೆಯುತ್ತಿತ್ತು. ಹಲಗೆಯ ಅಂಚಿಗೆ, ಅವನ ಎದೆಯ ಹತ್ತಿರ ಇದ್ದದ್ದು ಒಂದನೇ ತಂತಿ. ಅದಕ್ಕೆ ಅವನ ತೋಳಿನ ಪೂರ್ತಿ ಬಲ ಸಿಗುತ್ತಿತ್ತು. ಆಚೆಯವಕ್ಕೆ ಬಗ್ಗಬೇಕು, ಬೆನ್ನು ಹಿಡಿಯುತ್ತದೆ, ಆದ್ದರಿಂದ ಅವಕ್ಕೆ ನಾಲ್ಕೈದು ಸಲ ಎಳೆದರೆ ಮುಗಿಯಿತು. ಅದರಲ್ಲೂ ಕಿಟಕಿಯ ಪಕ್ಕದ ಎರಡನೇ ನಂಬರಿನ ಹಲಗೆಯಿದೆಯಲ್ಲ, ಬಾಗಿಲು ದಾಟಿದವರ ಕಣ್ಣಿಗೆ ಮೊದಲು ಬೀಳುವುದು ಅದೇ. ಅದಕ್ಕೆ ಪರೀಕ್ಷೆ ಇರಲಿ ಬಿಡಲಿ ವಾರಕ್ಕೊಮ್ಮೆ ಸೇವೆ ತಪ್ಪುತ್ತಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು “ಹೊಸದಾ ಇದು?” ಎಂದು ಕೇಳುತ್ತಿದ್ದರು. “ಇಪ್ಪತ್ತು ವರ್ಷದ್ದು ಸರ್” ಎನ್ನುವಾಗ ಅವನ ಎದೆ ಒಂದು ಇಂಚು ಉಬ್ಬುತ್ತಿತ್ತು. ತಿಕ್ಕಿದಷ್ಟೂ ತಂತಿ ಸವೆಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಕುರ್ಚಿಯಲ್ಲಿ ಕೂತು ಹೊಳಪನ್ನು ಹೊಗಳುತ್ತಿದ್ದರು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ.

ಅವನಿಗೆ ಒಬ್ಬಳೇ ಮಗಳು. ಅವಳು ಅದೇ ಕಾಲೇಜಿಗೆ ಸೇರಿದ ದಿನ ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು: ಲ್ಯಾಬಿನಲ್ಲಿ ಸಂಬಂಧ ತೋರಿಸಬಾರದು. ವಿದ್ಯಾರ್ಥಿಗಳೆಲ್ಲ ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದರು. ಅವಳೂ ಹಾಗೇ ಕರೆದಳು. ಮೊದಲ ದಿನ “ಅಣ್ಣಾ, ನನಗೊಂದು ಜಾಕಿ ಕೊಡಿ” ಎಂದು ಮುಖ ಗಂಟಿಕ್ಕಿಕೊಂಡು ಕೇಳಿದಾಗ ಅವನಿಗೆ ನಗು ತಡೆಯಲಾಗದೆ ಬೀರುವಿನ ಹಿಂದೆ ಹೋಗಿ ನಿಂತಿದ್ದ. ಸಂಜೆ ಮನೆಯಲ್ಲಿ ಹೆಂಡತಿ, “ಅವರು ನಿನಗೆ ಅಣ್ಣ ಆದ್ರೆ ನಾನು ಅತ್ತಿಗೆ ಆದೆ. ಬಾ ನಾದಿನಿ, ಪಾತ್ರೆ ತೊಳಿ ಬಾ” ಎಂದು ಇಬ್ಬರನ್ನೂ ರೇಗಿಸಿದಳು.

ಹುಡುಗಿಗೆ ಚಿಕ್ಕಂದಿನಿಂದಲೂ ಬಿಚ್ಚಿ ನೋಡುವ ಹುಚ್ಚು. ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ಅಮ್ಮನ ಹೊಲಿಗೆ ಯಂತ್ರ, ಒಂದನ್ನೂ ಬಿಟ್ಟವಳಲ್ಲ. ಬಿಚ್ಚಿದ್ದನ್ನು ಮತ್ತೆ ಕೂಡಿಸಿ ಓಡಿಸುತ್ತಿದ್ದಳು, ಅದು ದೊಡ್ಡದು. ಅಳತೆಯ ಉಪಕರಣಗಳನ್ನು ಮಾಡುವುದನ್ನೇ ಕಲಿಸುವ ಒಂದು ಸಂಸ್ಥೆಯಿದೆ, ವರ್ಷಕ್ಕೆ ಹನ್ನೆರಡೇ ಜನಕ್ಕೆ ಅಲ್ಲಿ ಸೀಟು. ಅದರ ಲಿಖಿತ ಪರೀಕ್ಷೆಯನ್ನು ಅವಳು ದಾಟಿಯಾಗಿತ್ತು. ಇನ್ನು ಉಳಿದದ್ದು ಕಾಲೇಜಿನ ಪ್ರಯೋಗ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತು. ನಲವತ್ತು ಬಂದರೆ ಸೀಟು, ಮೂವತ್ತೊಂಬತ್ತು ಬಂದರೆ ಇಲ್ಲ. “ನಲವತ್ತೇನು, ನಲವತ್ತೆಂಟು ತಗೋತಾಳೆ ನನ್ನ ಮಗಳು” ಎಂದು ಪಳಪಳ ಹೆಂಡತಿಯ ಮುಂದೆ ಮೀಸೆ ಮೇಲೆ ಕೈಯಾಡಿಸಿದ್ದ.

ಪರೀಕ್ಷೆಗೆ ಮೂರು ದಿನ ಮುಂಚೆ ವಿಭಾಗದ ಮುಖ್ಯಸ್ಥರು ಒಂದು ಕಾಗದ ಮುಂದಿಟ್ಟರು. ಕರ್ತವ್ಯದಲ್ಲಿರುವ ಸಿಬ್ಬಂದಿಯ ಸಂಬಂಧಿಕರು ಯಾರೂ ಪರೀಕ್ಷೆಗೆ ಕೂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಮುಖ್ಯಸ್ಥರು ಆ ವರ್ಷವಷ್ಟೇ ಬಂದವರು, ಅವರಿಗೆ ಮಗಳ ವಿಷಯ ತಿಳಿಯದು. ನಿಜ ಹೇಳಿದ್ದರೆ ಆಗುತ್ತಿದ್ದದ್ದು ಇಷ್ಟೇ: ಎರಡು ದಿನ ಅವನನ್ನು ಗ್ರಂಥಾಲಯಕ್ಕೆ ಹಾಕಿ, ರಸಾಯನಶಾಸ್ತ್ರದ ಅಟೆಂಡರನನ್ನು ಇಲ್ಲಿಗೆ ಕರೆಸುತ್ತಿದ್ದರು. ಆ ಸೋಮಾರಿ ತನ್ನ ಹಲಗೆಗಳನ್ನು ಮುಟ್ಟುವುದೇ? ಅದೂ ಮಗಳು ಪರೀಕ್ಷೆ ಮಾಡುವ ದಿನ? ಅಯ್ಯೋ, ಅದು ಅವನ ಕೈಲಿ ಆಗದ ಮಾತು. ಸಹಿ ಹಾಕಿಬಿಟ್ಟ.

ಹಿಂದಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಎರಡನೇ ನಂಬರಿಗೇ ಕೂತ. ಹೊಸ ಉಪ್ಪುಕಾಗದದ ಎರಡು ಹಾಳೆ ಮುಗಿದವು. ಯಾವ ಹಲಗೆ ಮಗಳಿಗೆ ಹೋಗಬೇಕು ಎಂಬುದನ್ನು ಅವನು ಆಗಲೇ ಗೊತ್ತುಮಾಡಿಕೊಂಡಿದ್ದ. ಹಲಗೆಗಳನ್ನು ಹಂಚುತ್ತಿದ್ದದ್ದು ತಗಡಿನ ಬಿಲ್ಲೆಗಳಿಂದ. ನಂಬರು ಕೊರೆದ ಆರು ಬಿಲ್ಲೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಅಟೆಂಡರ್ ಹಿಡಿದು ನಿಲ್ಲುತ್ತಾನೆ, ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕೈಹಾಕಿ ಎತ್ತುತ್ತಾರೆ. ಬೆಳಿಗ್ಗೆ ಅವನು ಎರಡನೇ ನಂಬರಿನ ಬಿಲ್ಲೆಯನ್ನು ಚೀಲದ ಮೂಲೆಯಲ್ಲಿ ಬಟ್ಟೆಯ ಮೇಲಿಂದಲೇ ಬಿಗಿಯಾಗಿ ಹಿಡಿದಿದ್ದ. ಮಗಳ ಕೈ ಒಳಗೆ ಬಂದಾಗ ಅದನ್ನು ಅವಳ ಬೆರಳಿಗೆ ತಳ್ಳಿದ. ಅವಳಿಗೆ ಗೊತ್ತೂ ಆಗಲಿಲ್ಲ. ಆ ಸುಳ್ಳು ಸಹಿ ಬಿಟ್ಟರೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಮಾಡಿದ ಒಂದೇ ಒಂದು ಮೋಸ ಅದು, ಮಗಳಿಗೆ ಒಳ್ಳೆಯದಾಗಲಿ ಎಂದು ಮಾಡಿದ್ದು.

ಅವಳು ಎರಡನೇ ಮೇಜಿಗೆ ಹೋಗಿ ನಿಂತಳು. ಕಿಟಕಿಯ ಬಿಸಿಲು ಹತ್ತೂ ತಂತಿಗಳ ಮೇಲೆ ಬಿದ್ದು ಹಲಗೆ ಮದುವೆ ಮನೆಯ ಹಾಗಿತ್ತು. ಐದು ನಿಮಿಷದಲ್ಲಿ ಜೋಡಿಸಿ ಮುಗಿಸಿದಳು. ಬೇರೆಯವರು ಇನ್ನೂ ತಂತಿ ಬಿಡಿಸಿಕೊಳ್ಳುತ್ತಿದ್ದರು. ಪಳಪಳ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಒರೆಸಲು ಏನೂ ಇಲ್ಲದ ಬೀರುವನ್ನು ಒರೆಸುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಒಂದು ಗಂಟೆ ಕಳೆಯಿತು. ಪಕ್ಕದ ಮೇಜಿನವರು ಲೆಕ್ಕ ಮುಗಿಸಿ ಗೆರೆ ಎಳೆಯುತ್ತಿದ್ದಾರೆ, ಇವಳು ಇನ್ನೂ ಜಾಕಿ ಹಿಡಿದು ನಿಂತಿದ್ದಾಳೆ. ಹುಬ್ಬು ಗಂಟಿಕ್ಕಿದೆ. ಸೆಲ್ಲಿನ ತಂತಿಯನ್ನು ಒಂದನೇ ತಂತಿಯ ತಲೆಯಿಂದ ಬಿಚ್ಚಿ ಎರಡನೇ ತಂತಿಯ ತಲೆಗೆ ಹಾಕುತ್ತಾಳೆ, ಮತ್ತೆ ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ. ಹಾಗೆ ಜೋಡಿಸಿದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ.

ಒರೆಸುವ ನೆಪದಲ್ಲಿ ಹತ್ತಿರ ಹೋಗಿ, ತುಟಿ ಅಲ್ಲಾಡಿಸದೆ ಹೇಳಿದ: “ಪುಸ್ತಕದ ಉತ್ತರ ನಿನಗೆ ಬಾಯಿಪಾಠ ಇದೆಯಲ್ಲ. ಬರೆದು ಎದ್ದೇಳು.”

ಎಲ್ಲರೂ ಮಾಡುತ್ತಿದ್ದದ್ದೇ ಅದು. ಆ ಸೆಲ್ಲುಗಳಿಗೆ ಬರಬೇಕಾದ ಉತ್ತರ ಗೋಡೆಗೂ ಗೊತ್ತಿತ್ತು. ಅದಕ್ಕೆ ಹೊಂದುವಂತೆ ಉದ್ದಗಳನ್ನು ಬರೆದರೆ ಮುಗಿಯಿತು.

“ನನಗೆ ಬಂದಿದ್ದನ್ನೇ ನಾನು ಬರೆಯೋದು ಅಣ್ಣಾ” ಎಂದಳು ಮಗಳು. ಆಮೇಲೆ ಕೈ ಎತ್ತಿ ಪರೀಕ್ಷಕರನ್ನು ಕರೆದಳು.

ಹೊರಗಿನ ಪರೀಕ್ಷಕರು ಕೆಟ್ಟವರೇನಲ್ಲ. ಒಂದೇ ದಿನದಲ್ಲಿ ಇಪ್ಪತ್ತನಾಲ್ಕು ಜನರ ಪರೀಕ್ಷೆ, ಸಂಜೆ ಆರಕ್ಕೆ ರೈಲು. ಮುಖ್ಯಸ್ಥರೂ ಅವರ ಹಿಂದೆಯೇ ಬಂದರು.

“ಏನಮ್ಮ?”

“ಸರ್, ಇದರ ಒಂದನೇ ತಂತಿ ಉಳಿದವುಗಳ ಹಾಗಿಲ್ಲ. ಇದೇ ಸೆಲ್ಲನ್ನ ಒಂದನೇ ತಂತಿಯ ತಲೆಯಿಂದ ಅಳೆದ್ರೆ ನಾನೂರ ಎರಡು ಸೆಂಟಿಮೀಟರ್ ಬರುತ್ತೆ. ಎರಡನೇ ತಂತಿಯ ತಲೆಯಿಂದ ಅಳೆದ್ರೆ ನಾನೂರ ಇಪ್ಪತ್ತೈದು. ತಂತಿ ಒಂದೇ ಸಮ ಇದ್ರೆ ಎಲ್ಲಿಂದ ಅಳೆದ್ರೂ ಒಂದೇ ಬರಬೇಕಲ್ವಾ ಸರ್? ನಾಲ್ಕು ಸಲ ನೋಡಿದೆ.”

“ಅಂದ್ರೆ?”

“ಒಂದನೇದು ಸಣ್ಣಗಾಗಿದೆ ಸರ್. ಸಣ್ಣಗಿದ್ರೆ ರೋಧ ಜಾಸ್ತಿ. ಅದೇ ಕರೆಂಟು ಹರಿದ್ರೂ ಅಲ್ಲಿ ವಿಭವ ಬೇಗ ಬೇಗ ಇಳಿಯುತ್ತೆ. ಅದಕ್ಕೇ ನನ್ನ ಉದ್ದಗಳೆಲ್ಲ ಕಮ್ಮಿ ಬರ್ತಿವೆ. ಒಂದು ಸ್ಕ್ರೂ ಗೇಜ್ ಕೊಡಿಸಿ ಸರ್, ದಪ್ಪ ಅಳೆದು ತೋರಿಸ್ತೀನಿ.”

ಪರೀಕ್ಷಕರು ಗಡಿಯಾರ ನೋಡಿಕೊಂಡರು. “ಕೇಳಿರೋದು ಎರಡು ಸೆಲ್ಲಿನ ಹೋಲಿಕೆ. ಅದು ಬಂದಿಲ್ಲ ಅಂತ ಹಲಗೆ ಮೇಲೆ ಹೊರಿಸಿದ್ರೆ ಹೇಗಮ್ಮ?” ಎಂದು ಮುಖ್ಯಸ್ಥರ ಕಡೆ ತಿರುಗಿದರು. ಮುಖ್ಯಸ್ಥರು ನಕ್ಕರು. “ಅಗೋ, ಅವನನ್ನೇ ಕೇಳಿ. ಈ ಹಲಗೆಗಳ ವಿಚಾರ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಏನಯ್ಯ, ಎರಡನೇ ನಂಬರಲ್ಲಿ ಏನಾದ್ರೂ ದೋಷ ಇದೆಯಾ?”

ಅವನು ಸುಳ್ಳು ಹೇಳಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು. ಆ ಕ್ಷಣದಲ್ಲಿ ಎರಡನೇ ನಂಬರಿನಷ್ಟು ಒಳ್ಳೆಯ ಹಲಗೆ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದೇ ಅವನು ನಂಬಿದ್ದ. ನಾಲ್ಕು ಜನರ ಎದುರು ಮಗಳೇ ಅದನ್ನು ಹಳಿದದ್ದಕ್ಕೆ ಒಳಗೊಳಗೇ ಮುನಿಸೂ ಬಂದಿತ್ತು.

“ದೋಷವಾ? ನಮ್ಮ ಲ್ಯಾಬಿಗೇ ಚಿನ್ನ ಸರ್ ಅದು. ನಿನ್ನೆ ಅರ್ಧ ದಿನ ಕೂತು ನಾನೇ ಉಜ್ಜಿದ್ದೀನಿ, ಬೇಕಾದ್ರೆ ಮುಖ ನೋಡ್ಕೋಬಹುದು. ಹಲಗೆ ಸರಿ ಇದೆ ಸರ್.”

ಮಾತಿನ ಉಳಿದರ್ಧ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಆದರೆ ಮುಖ್ಯಸ್ಥರಿಗೆ ಅದು ಗೊತ್ತಿತ್ತಲ್ಲ. “ಹಾಗಾದ್ರೆ ಕೈ ಸರಿ ಇಲ್ಲ!” ಎಂದು ಅವರೇ ಪೂರ್ತಿ ಮಾಡಿದರು. ಪರೀಕ್ಷಕರೂ ನಕ್ಕು ಮುಂದಿನ ಮೇಜಿಗೆ ಹೋದರು.

ಮಗಳು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಬರೆಯತೊಡಗಿದಳು. ತನಗೆ ಬಂದ ಉದ್ದಗಳನ್ನು ಬಂದ ಹಾಗೇ ಬರೆದು, ಕೊನೆಗೆ ಒಂದು ಸಾಲು ಸೇರಿಸಿದಳು: ಒಂದನೇ ತಂತಿಯ ದಪ್ಪವನ್ನು ದಯವಿಟ್ಟು ಅಳೆದು ನೋಡಿ.

ಮೂರೂವರೆಗೆ ಲ್ಯಾಬು ಖಾಲಿಯಾಯಿತು. ಪಳಪಳ ಒಬ್ಬನೇ ತಂತಿಗಳನ್ನು ಬಿಚ್ಚುತ್ತಾ, ಸುತ್ತುತ್ತಾ ಎರಡನೇ ಮೇಜಿಗೆ ಬಂದ. ಮುನಿಸು ಅಷ್ಟರಲ್ಲಿ ಕರಗಿತ್ತು. ಹುಚ್ಚು ಹುಡುಗಿ, ಏನೇನೋ ಹೇಳಿ ಎಲ್ಲರ ಮುಂದೆ ಸಣ್ಣವಳಾದಳಲ್ಲ ಎಂದು ಮರುಕವಾಗುತ್ತಿತ್ತು. ಅಳೆದುಬಿಡೋಣ, ಸಂಜೆ ಮನೆಯಲ್ಲಿ “ನೋಡಮ್ಮ ನಿನ್ನ ಒಂದನೇ ತಂತಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ” ಎಂದು ರೇಗಿಸಬಹುದು ಎಂದುಕೊಂಡು ಬೀರುವಿನಿಂದ ಸ್ಕ್ರೂ ಗೇಜ್ ತೆಗೆದ. ಅದನ್ನು ಓದಲು ಅವನಿಗೆ ಬರುತ್ತಿತ್ತು, ಇಪ್ಪತ್ತೆರಡು ವರ್ಷ ಸಾವಿರ ಜನಕ್ಕೆ ತೋರಿಸಿಕೊಟ್ಟಿದ್ದ.

ಮೊದಲು ಎರಡನೇ ತಂತಿ. ಮಿಲಿಮೀಟರಿನ ನೂರರಲ್ಲಿ ನಲವತ್ತು ಪಾಲು. ಐದನೆಯದು, ನಲವತ್ತು. ಹತ್ತನೆಯದು, ನಲವತ್ತು. ಒಂದನೆಯದಕ್ಕೆ ಹಚ್ಚಿ ತಿರುಗಿಸಿದ. ಟಕ್ ಟಕ್ ಎಂದು ನಿಂತಿತು. ಮೂವತ್ತಾರು.

ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಮತ್ತೆ ಅಳೆದ. ಮೂವತ್ತಾರು. ಒಂದು ಗೇಣು ಪಕ್ಕಕ್ಕೆ ಸರಿದು ಅಳೆದ. ಮೂವತ್ತಾರು. ತುದಿಯ ತಾಮ್ರದ ಪಟ್ಟಿಯ ತಿರುಪು ಸಡಿಲಿಸಿ ಅದರಡಿಯ ತಂತಿಯನ್ನು ನೋಡಿದ. ಅಲ್ಲಿಗೆ ಅವನ ಉಪ್ಪುಕಾಗದ ಯಾವತ್ತೂ ಹೋಗಿರಲಿಲ್ಲ. ಅಲ್ಲಿ ತಂತಿ ಕಪ್ಪಗಿತ್ತು, ನಲವತ್ತೊಂದು ಇತ್ತು. ಕಪ್ಪು ಮುಗಿದು ಹೊಳಪು ಶುರುವಾಗುವಲ್ಲಿ ತಂತಿ ಕಣ್ಣಿಗೇ ಸಣ್ಣಗೆ ಕಾಣುತ್ತಿತ್ತು.

ಮೂರನೇ ನಂಬರಿನ ಹಲಗೆಗೆ ಓಡಿದ, ಅದರ ಒಂದನೇ ತಂತಿ ಮೂವತ್ತೆಂಟು. ಐದನೇ ನಂಬರಿನದು ಮೂವತ್ತೊಂಬತ್ತು. ಹೆಚ್ಚು ಉಜ್ಜಿದ್ದು ಹೆಚ್ಚು ಸವೆದಿತ್ತು, ಕಡಿಮೆ ಉಜ್ಜಿದ್ದು ಕಡಿಮೆ. ಕೋಣೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಹಲಗೆ ಯಾವುದು ಎಂದು ಯಾರಾದರೂ ಕೇಳಿದ್ದರೆ ಈಗ ಹೇಳಬಹುದಿತ್ತು. ಅದನ್ನೇ ಆರಿಸಿ, ಬಿಲ್ಲೆ ತಳ್ಳಿ, ಮಗಳ ಕೈಗೆ ಕೊಟ್ಟಿದ್ದ. ಎರಡನೇ ಮೇಜಿನ ಮುಂದೆ ನಿಂತು ಬೈಸಿಕೊಂಡ ಮುಖಗಳು ಒಂದೊಂದಾಗಿ ನೆನಪಾದವು. ಹತ್ತು ಸಲ ಅಳೆದು ಅಳೆದು ಕೊನೆಗೆ ಅತ್ತ ಒಬ್ಬಳು, ಜಾಕಿಯನ್ನು ಮೇಜಿನ ಮೇಲೆ ಎಸೆದು ಹೋದ ಒಬ್ಬ. ಎಲ್ಲರಿಗೂ ಇವನು ಕೈ ಸರಿ ಇಲ್ಲ ಎಂದಿದ್ದ. ಸ್ಟೂಲಿನ ಮೇಲೆ ಕುಸಿದು ಕೂತ.

ಆದರೆ ಇನ್ನೂ ಹೊತ್ತು ಮೀರಿರಲಿಲ್ಲ. ಅಂಕಪಟ್ಟಿಯ ಲಕೋಟೆಗೆ ಮುದ್ರೆ ಹಾಕುವುದು ಐದು ಗಂಟೆಗೆ. ಅಲ್ಲಿಯವರೆಗೆ ಅಂಕ ತಿದ್ದಬಹುದು. ಮುಖ್ಯಸ್ಥರ ಕೋಣೆ ಹದಿನೈದು ಹೆಜ್ಜೆ ದೂರ. ಸ್ಕ್ರೂ ಗೇಜನ್ನು ಜೇಬಿಗೆ ಹಾಕಿಕೊಂಡು ಎದ್ದ. ಬಿಲ್ಲೆಯ ಮಾತು ಬೇಡ, ಮಗಳೆಂಬ ಮಾತೂ ಬೇಡ. “ಸರ್, ಆ ಹುಡುಗಿ ಹೇಳಿದ್ದು ನಿಜ, ತಂತಿ ಸವೆದಿದೆ.” ಇಷ್ಟು ಹೇಳಿದರೆ ಸಾಕು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಹೋದ.

ಬಾಗಿಲಲ್ಲಿ ನಿಂತಾಗ ಪರೀಕ್ಷಕರು ಏನೋ ಬರೆಯುತ್ತಿದ್ದರು. ಮುಖ್ಯಸ್ಥರು ಅವನನ್ನು ಕಂಡದ್ದೇ, “ಬಾರಯ್ಯ ಬಾ, ನೂರು ವರ್ಷ ಆಯಸ್ಸು ನಿನಗೆ. ನಿನ್ನ ವಿಷಯವೇ ಬರೀತಿದ್ದಾರೆ” ಎಂದರು. ಪರೀಕ್ಷಕರು ವರದಿಯ ಸಾಲನ್ನು ಗಟ್ಟಿಯಾಗಿ ಓದಿದರು: ಉಪಕರಣಗಳನ್ನು ಅತ್ಯುತ್ತಮವಾಗಿ ಕಾಪಾಡಲಾಗಿದೆ, ಪ್ರಯೋಗಶಾಲೆಯ ಅಟೆಂಡರ್ ವಿಶೇಷ ಪ್ರಶಂಸೆಗೆ ಅರ್ಹರು. ಆಮೇಲೆ ತಲೆಯೆತ್ತಿ, “ಎಷ್ಟು ಕಾಲೇಜು ನೋಡಿದ್ದೀನಿ. ಇಂಥ ಹೊಳಪು ಎಲ್ಲೂ ಕಂಡಿಲ್ಲ ಕಣಪ್ಪ” ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅವನ ಬಗ್ಗೆ ಕಾಗದದ ಮೇಲೆ ಬಿದ್ದ ಮೊದಲ ಸಾಲು. ಅರ್ಹರು ಎಂದು ಬಹುವಚನ ಬೇರೆ. ಪಳಪಳ ಆ ಸಾಲನ್ನೇ ನೋಡುತ್ತಾ ನಿಂತ.

“ಏನೋ ಹೇಳೋಕೆ ಬಂದೆಯಲ್ಲ?” ಎಂದರು ಮುಖ್ಯಸ್ಥರು.

“ಸರ್...” ಎಂದ. ಜೇಬಿನಲ್ಲಿದ್ದ ಕೈ ಸ್ಕ್ರೂ ಗೇಜನ್ನು ಹಿಡಿದಿತ್ತು. ಹೇಳಿದರೆ ಹೇಗೆ ಸವೆಯಿತು ಎಂದು ಕೇಳುತ್ತಾರೆ. ಯಾರು ಉಜ್ಜಿದ್ದು ಎಂದು ಕೇಳುತ್ತಾರೆ. ಎಲ್ಲಾ ಬಿಟ್ಟು ಆ ಹುಡುಗಿಯದನ್ನೇ ಯಾಕೆ ಅಳೆದೆ, ಅವಳು ನಿನಗೇನಾಗಬೇಕು ಎಂದು ಕೇಳುತ್ತಾರೆ. ಸಹಿ ಹಾಕಿದ ಕಾಗದ ಹೊರಬರುತ್ತದೆ, ಬಿಲ್ಲೆಯ ಕಥೆ ಹೊರಬರುತ್ತದೆ, ಅವಳ ಪರೀಕ್ಷೆಯೇ ರದ್ದಾಗುತ್ತದೆ. ಅವಳಿಗೋಸ್ಕರವೇ ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ದಿನ ಅವನು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ನಿಜ ಇಲ್ಲ ಎನ್ನಲಾರೆ. ಆದರೆ ಆ ಕೋಣೆಯಲ್ಲಿ ಅವನ ಬಾಯಿ ಕಟ್ಟಿದ್ದು ಮೇಜಿನ ಮೇಲೆ ಇನ್ನೂ ಶಾಯಿ ಆರದ ಆ ಒಂದು ಸಾಲು. ಅಷ್ಟು ಸಣ್ಣ ಆಸೆ, ಅಯ್ಯೋ ದೇವರೇ, ಅಷ್ಟು ಸಣ್ಣದು.

“ಅರಗು ಕರಗಿಸಲಾ ಸರ್?” ಎಂದ.

“ಹ್ಞೂ, ಕರಗಿಸು. ಬೇಗ ಮುಗಿಸೋಣ, ಇವರಿಗೆ ರೈಲಿದೆ.”

ಲಕೋಟೆಗೆ ಮುದ್ರೆ ಹಾಕುವಾಗ ಅರಗು ಹಿಡಿಯುವುದು ಅಟೆಂಡರನ ಕೆಲಸ. ಮೇಣದ ಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದು, ಲಕೋಟೆಯ ಮಡಿಕೆಯ ಮೇಲೆ ಐದು ಕಡೆ ತೊಟ್ಟಿಕ್ಕಿಸಿದ. ಪರೀಕ್ಷಕರು ಹಿತ್ತಾಳೆಯ ಮುದ್ರೆಯನ್ನು ಒಂದೊಂದರ ಮೇಲೂ ಒತ್ತಿದರು. ಬ್ರಾಸೋ ಹಾಕಿ ಆ ಮುದ್ರೆಯನ್ನೂ ಬೆಳಿಗ್ಗೆ ಅವನೇ ಉಜ್ಜಿಟ್ಟಿದ್ದ. ಕೊನೆಯ ತೊಟ್ಟು ಅವನ ಹೆಬ್ಬೆರಳ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

ಗೇಟಿನ ಹತ್ತಿರ ಮಗಳು ಕಾಯುತ್ತಿದ್ದಳು. ಅವಳ ಮುಖದಲ್ಲಿ ಇನ್ನೂ ಆಸೆ ಉಳಿದಿತ್ತು. ಅದೇ ಅವನನ್ನು ಕೊಂದದ್ದು.

“ಅಪ್ಪ, ದಪ್ಪ ಅಳೆದು ನೋಡಿ ಅಂತ ಬರೆದಿದ್ದೆ. ನೋಡಿದ್ರಾ ಅವರು? ಅಳೆದ್ರಾ?”

ಎರಡು ಉತ್ತರಗಳಿದ್ದವು. ಅಳೆಯಲಿಲ್ಲ ಎಂದರೆ ಅವಳು ಅಲ್ಲಿಂದಲೇ ವಾಪಸು ಓಡಿ ಪರೀಕ್ಷಕರನ್ನು ಹಿಡಿಯುತ್ತಿದ್ದಳು, ಅವಳ ಸ್ವಭಾವ ಅವನಿಗೆ ಗೊತ್ತಿತ್ತು.

“ಅಳೆದ್ರಮ್ಮ” ಎಂದ. “ಎಲ್ಲಾ ಸಮ ಇತ್ತಂತೆ.”

“ಒಂದನೇದೂ?”

“ಹ್ಞೂ. ಅದೂ.”

ಅವಳು ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಹೇಳಿದ್ದು ಅಪ್ಪ, ಆ ಹಲಗೆಗಳನ್ನು ಮಕ್ಕಳ ಹಾಗೆ ಸಾಕಿದ ಅಪ್ಪ. “ನಾಲ್ಕು ಸಲ ನೋಡಿದ್ದೆನಲ್ಲ... ಹಾಗಾದ್ರೆ ನನ್ನ ಕೈಯೇ ಸರಿ ಇಲ್ಲ ಬಿಡು” ಎಂದಳು. ಎಂದಿನ ಹಾಗೆ ಅವನ ಊಟದ ಚೀಲವನ್ನು ತಾನೇ ಇಸಕೊಂಡು ಮುಂದೆ ನಡೆದಳು.

ಐವತ್ತಕ್ಕೆ ಇಪ್ಪತ್ತಮೂರು ಬಂತು. ಸಂಸ್ಥೆಯ ಸೀಟು ಹದಿಮೂರನೆಯವರಿಗೆ ಹೋಯಿತು. ಮರುಪರೀಕ್ಷೆ ಕಟ್ಟು ಎಂದು ಅವನು ಅಂಗಲಾಚಿದ, ಅವಳಮ್ಮ ಅತ್ತು ಕರೆದು ಹೇಳಿದಳು. “ನನಗೆ ಅದು ಬರಲ್ಲಮ್ಮ. ಬರುತ್ತೆ ಅಂದ್ಕೊಂಡಿದ್ದೆ, ಅಷ್ಟೇ” ಎಂದುಬಿಟ್ಟಳು ಮಗಳು. ಜಗಳ ಆಡಲಿಲ್ಲ, ಅಳಲಿಲ್ಲ. ಬೀದಿಯ ಕೊನೆಯ ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಗೋಡೆ ಗಡಿಯಾರ ನಿಂತರೆ ಈಗ ಯಾರೂ ಬಿಚ್ಚುವುದಿಲ್ಲ. ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟಾಗ ರಿಪೇರಿಯವನನ್ನು ಕರೆಸಿದರು. ಅವನು ತಪ್ಪಾಗಿ ಜೋಡಿಸಿ ಹೋದುದನ್ನು ಮಗಳು ನೋಡಿಯೂ ಕೈ ಹಾಕಲಿಲ್ಲ.

ಪಳಪಳ ಉಪ್ಪುಕಾಗದ ಮುಟ್ಟುವುದನ್ನು ಬಿಟ್ಟ. ತಂತಿಗಳು ಮಂಕಾದವು. “ಯಾಕಯ್ಯ, ವಯಸ್ಸಾಯ್ತಾ?” ಎಂದು ಮುಖ್ಯಸ್ಥರು ಕೇಳಿದರು. “ಹೌದು ಸರ್” ಎಂದ. ಹೊಸ ತಂತಿ ಬೇಕೆಂದು ಮೂರು ಸಲ ಅರ್ಜಿ ಬರೆದು, ಕೊನೆಗೂ ಒಂದು ಸುರುಳಿ ಬಂದಾಗ ಎರಡನೇ ನಂಬರಿನ ಹಲಗೆಗೆ ಹತ್ತೂ ತಂತಿ ಹೊಸದಾಗಿ ಬಿಗಿದ. ಹಳೆಯದನ್ನು ಉಗ್ರಾಣಕ್ಕೆ ಒಪ್ಪಿಸಬೇಕೆಂಬುದು ನಿಯಮ. ಒಂಬತ್ತನ್ನು ಒಪ್ಪಿಸಿದ. ಒಂದನೆಯದನ್ನು ಮಾತ್ರ ಸುತ್ತಿ ತನ್ನ ಖಾಕಿ ಕೋಟಿನ ಒಳಜೇಬಿಗೆ ಇಟ್ಟುಕೊಂಡ. ಯಾಕೆ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ದಿನಾ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಮಗಳು ಒಗೆಯಲೆಂದು ಕೋಟಿನ ಜೇಬುಗಳನ್ನು ಬರಿದು ಮಾಡುತ್ತಿದ್ದಳು. ಪಳಪಳ ಬಾಗಿಲ ಬಳಿ ಕೂತಿದ್ದ.

“ಇದೇನಪ್ಪ?”

“ಏನಿಲ್ಲ, ಬಿಡು. ಹಳೇ ತಂತಿ.”

ಅವಳು ಬಿಡಲಿಲ್ಲ. ಸುರುಳಿಯನ್ನು ಬಿಚ್ಚಿ, ಎಷ್ಟೋ ದಿನದಿಂದ ಮರೆತಿದ್ದ ಅಭ್ಯಾಸದಂತೆ ಎರಡು ಬೆರಳ ನಡುವೆ ಹಿಡಿದು ತುದಿಯಿಂದ ಎಳೆಯುತ್ತಾ ಹೋದಳು. ತುದಿಯಲ್ಲಿ ತಂತಿ ಕಪ್ಪಗೆ ದಪ್ಪಗಿತ್ತು. ಒಂದಂಗುಲ ದಾಟುತ್ತಿದ್ದ ಹಾಗೆ ಬೆರಳು ನಿಂತಿತು. ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ಬೆಳಕಿಗೆ ಹಿಡಿದಳು. ಇನ್ನೊಂದು ತುದಿಯನ್ನೂ ನೋಡಿದಳು, ಅಲ್ಲಿಯೂ ಕಪ್ಪು, ಅಲ್ಲಿಯೂ ದಪ್ಪ. ನಡುವಿನ ಒಂದು ಮೀಟರು ಪಳಪಳ ಎನ್ನುತ್ತಿತ್ತು.

ಒಳಗಡೆ ಹೊಲಿಗೆ ಯಂತ್ರ ಓಡುವ ಸದ್ದು ಕೇಳುತ್ತಿತ್ತು. ಪಳಪಳ ನೆಲ ನೋಡುತ್ತಾ ಕೂತಿದ್ದ.

“ಅಳೆದ್ರು ಅಂದಿದ್ಯಲ್ಲಪ್ಪ” ಎಂದಳು ಮಗಳು.

ತಂತಿಯನ್ನು ಮೊದಲಿದ್ದ ಹಾಗೇ ಸುತ್ತಿ ಅವನ ಪಕ್ಕ ಇಟ್ಟು, ಕೋಟನ್ನು ಬಕೆಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು.